ದಯೆ ಎಷ್ಟು ಕಾಲ ಉಳಿಯುತ್ತದೆ? ಬೈಬಲ್ ಓದುವ ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಮನೆ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪತ್ರದಲ್ಲಿ ಬಂದವು. ಇನ್ನು ಕೆಲವನ್ನು ಹಿಂದಿನ ಬರಹಗಳ ಕೆಳಗೆ ಓದುಗರು ಬರೆದಿದ್ದರು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಉತ್ತರದಿಂದ ಬೇಕಾದರೂ ಶುರು ಮಾಡಬಹುದು. ಅಧ್ಯಾಯ, ವಾಕ್ಯ ಹೇಳಿರುವ ಕಡೆ ನಿಮ್ಮ ಬೈಬಲ್ ತೆರೆದು ನೋಡಿ. ನನ್ನ ಮಾತಿಗಿಂತ ಅಲ್ಲಿರುವುದು ಮುಖ್ಯ.

## ಮೊದಮೊದಲು ಕೇಳುವವು

ದಯೆ ಅಂದ್ರೆ ಒಳ್ಳೆ ಸ್ವಭಾವ ಅಷ್ಟೇ ಅಲ್ವಾ? ಅದಕ್ಕೆ ಬೈಬಲ್ ಯಾಕೆ ಬೇಕು?

ಒಳ್ಳೆ ಸ್ವಭಾವ ಇದ್ದರೆ ಸಂತೋಷ. ಆದರೆ ಬೈಬಲ್ ದಯೆಯನ್ನು ಸ್ವಭಾವಕ್ಕೆ ಬಿಟ್ಟು ಸುಮ್ಮನಾಗುವುದಿಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯ ನೋಡಿ. ಮೈಗೆ ಬಟ್ಟೆಯಿಲ್ಲದೆ, ಹೊಟ್ಟೆಗೆ ಹಿಟ್ಟಿಲ್ಲದೆ ನಿಂತವರಿಗೆ 'ಹೋಗಿ ಬನ್ನಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ' ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ಏನೂ ಕೊಡದಿದ್ದರೆ ಏನು ಬಂತು ಎಂದು ಅವನು ನೇರವಾಗಿ ಕೇಳುತ್ತಾನೆ. ಹಾಗೆ ಹೇಳಿದವನ ಸ್ವಭಾವ ಒಳ್ಳೆಯದೇ ಇರಬಹುದು. ಚಳಿಯಲ್ಲಿ ನಿಂತವನಿಗೆ ಅದರಿಂದ ಏನೂ ಆಗಲಿಲ್ಲ.

ಲೂಕ 10ರಲ್ಲಿ ಯೇಸು ಹೇಳಿದ ಸಮಾರ್ಯದವನ ಕಥೆ ನಿಮಗೆ ಗೊತ್ತಿರುತ್ತದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ. ಕಳ್ಳರು ಒಬ್ಬನನ್ನು ಹೊಡೆದು ಅರೆಜೀವ ಮಾಡಿ ಹೋಗಿದ್ದಾರೆ. ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ಆಚೆ ಬದಿಯಿಂದ ದಾಟಿಹೋದರು. ಸಮಾರ್ಯದವನಿಗೆ ಕನಿಕರ ಹುಟ್ಟಿತು. ಅವನ ಮನಸ್ಸಿನ ಬಗ್ಗೆ ಕಥೆಯಲ್ಲಿ ಇರುವುದು ಅಷ್ಟೇ ಮಾತು. ಉಳಿದದ್ದೆಲ್ಲ ಕೆಲಸ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟು ಕಟ್ಟಿದ. ತಾನು ಕೂತು ಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರಕ್ಕೆ ಒಯ್ದು ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಆಗ ಒಂದು ದಿನಾರಿ ಒಂದು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದ. ನನಗೆ ಎಲ್ಲಕ್ಕಿಂತ ಹಿಡಿಸುವುದು ಆ ಕೊನೆಯ ಮಾತು. ಅವನು ಮತ್ತೆ ಬಂದು ನೋಡುವವನು.

ಎಲ್ಲಿಂದ ಓದೋಕೆ ಶುರು ಮಾಡಲಿ? ಇಡೀ ಬೈಬಲ್ ಓದೋಕೆ ಟೈಮ್ ಇಲ್ಲ.

ರೂತಳ ಪುಸ್ತಕದಿಂದ. ನಾಲ್ಕೇ ಅಧ್ಯಾಯ, ಒಂದು ಸಂಜೆ ಸಾಕು. ಸಮುದ್ರ ಇಬ್ಭಾಗವಾಗುವಂಥ ಪವಾಡ ಅದರಲ್ಲಿ ಒಂದೂ ಇಲ್ಲ. ಬರಗಾಲ, ಸಾವು, ವಲಸೆ, ಸುಗ್ಗಿ. ಮೋವಾಬಿನ ಹುಡುಗಿ ರೂತ್ ಗಂಡನನ್ನು ಕಳೆದುಕೊಂಡು, ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬರುತ್ತಾಳೆ. ಕೈಯಲ್ಲಿ ಏನೂ ಇಲ್ಲ. ಕುಯಿಲಾದ ಹೊಲದಲ್ಲಿ ಬಿದ್ದ ತೆನೆ ಆಯಲು ಹೋಗುತ್ತಾಳೆ. ಹೊಲದ ಮೂಲೆಯನ್ನು ಪೂರ್ತಿ ಕುಯ್ಯಬೇಡಿ, ಬಿದ್ದದ್ದನ್ನು ಬಡವರಿಗೂ ಪರದೇಶದವರಿಗೂ ಬಿಡಿ ಎಂದು ಯಾಜಕಕಾಂಡ 19ರಲ್ಲಿ ಮೊದಲೇ ಕಾನೂನಿತ್ತು.

ಹೊಲದ ಯಜಮಾನ ಬೋವಜ. ಕಾನೂನಿನಷ್ಟು ಮಾಡಿದ್ದರೂ ಅವನು ಒಳ್ಳೆಯವನೇ ಆಗುತ್ತಿದ್ದ. ಅವನು ಅಲ್ಲಿಗೆ ನಿಲ್ಲಲಿಲ್ಲ. ಹೆಂಗಸಿನ ತಂಟೆಗೆ ಹೋಗಬೇಡಿ ಎಂದು ಆಳುಗಳಿಗೆ ಹೇಳಿದ. ಬಾಯಾರಿದರೆ ನಮ್ಮ ಆಳುಗಳು ಸೇದಿಟ್ಟ ನೀರನ್ನೇ ಕುಡಿ ಎಂದ. ಊಟಕ್ಕೆ ತನ್ನವರ ಸಾಲಿನಲ್ಲೇ ಕೂರಿಸಿ ಹುರಿದ ತೆನೆ ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು, ಮಿಕ್ಕಿದ್ದನ್ನು ಅತ್ತೆಗೆ ಒಯ್ದಳು. ಆಮೇಲೆ ಅವಳಿಗೆ ಗೊತ್ತಾಗದ ಹಾಗೆ ಆಳುಗಳಿಗೆ ಒಂದು ಮಾತು ಹೇಳಿದ: ಕಟ್ಟಿನಿಂದ ಒಂದಿಷ್ಟು ತೆನೆ ಎಳೆದು ಬೇಕಂತಲೇ ಬಿಡಿ, ಅವಳು ಆರಿಸಿಕೊಳ್ಳಲಿ, ಗದರಬೇಡಿ. ಕೊಡುವುದೂ ಕೊಟ್ಟ, ಅವಳ ಮರ್ಯಾದೆಯನ್ನೂ ಉಳಿಸಿದ. ಬೇಡಿ ಪಡೆದದ್ದಲ್ಲ, ತನ್ನ ಬೆವರಿನದು ಎಂದೇ ಅವಳು ಸಂಜೆ ಬಡಿದು ಅಳೆದಳು. ಒಂದು ಏಫಾ ಜವೆಗೋದಿ ಆಯಿತು. ಈಗಿನ ಅಳತೆಯಲ್ಲಿ ಸುಮಾರು 22 ಲೀಟರ್.

ಮುಂದೆ ಬೋವಜ ರೂತಳನ್ನು ಮದುವೆಯಾದ. ಇವರ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಬೋವಜನ ತಾಯಿ ರಾಹಾಬ ಎಂದಿದೆ. ಯೆರಿಕೋವಿನಲ್ಲಿ ತನ್ನ ಜೀವ ಪಣಕ್ಕಿಟ್ಟು ಪರದೇಶದ ಗೂಢಚಾರರನ್ನು ಬಚ್ಚಿಟ್ಟವಳು ಆಕೆ. ಪರದೇಶದ ತಾಯಿಯ ಮಗ ಪರದೇಶದ ವಿಧವೆಯನ್ನು ಕಂಡಾಗ ಹೀಗೆ ನಡೆದುಕೊಂಡದ್ದು ಸುಮ್ನೆ ಆದದ್ದಲ್ಲ ಅನಿಸುತ್ತದೆ. ಆ ವಂಶಾವಳಿ ಯೇಸುವಿನವರೆಗೆ ಬರುತ್ತದೆ. ಹೊಲದಲ್ಲಿ ತೆನೆ ಬಿಟ್ಟ ಆಳುಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಒಂದು ಲೋಟ ನೀರು ಕೊಟ್ಟಿದ್ದನ್ನೂ ದೇವರು ಲೆಕ್ಕ ಇಡ್ತಾನಾ?

ಇಡುತ್ತಾನೆ. ಮತ್ತಾಯ 10:42ರಲ್ಲಿ ಯೇಸು ಹೇಳುವುದು ಅದನ್ನೇ. ಶಿಷ್ಯನೆಂದು ಈ ಚಿಕ್ಕವರಲ್ಲಿ ಒಬ್ಬನಿಗೆ ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪುವುದಿಲ್ಲ. ಬೈಬಲಿನ ದಯೆಯ ಕಥೆಗಳಲ್ಲಿ ಸಾಮಾನುಗಳ ಹೆಸರು ತುಂಬ ಬರುತ್ತದೆ. ಶೂನೇಮಿನ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿದಳು. ಅದರಲ್ಲಿ ಏನಿತ್ತು ಎಂದರೆ ಮಂಚ, ಮೇಜು, ಕುರ್ಚಿ, ದೀಪ. ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನ ಸುತ್ತ ನಿಂತು, ಅವಳು ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು (ಅಪೊಸ್ತಲರ ಕೃತ್ಯಗಳು 9). ತಬಿಥಾ ಆಡಿದ ಒಂದು ಮಾತೂ ಬೈಬಲಿನಲ್ಲಿ ಇಲ್ಲ. ಬಟ್ಟೆ ಇದೆ.

ಬಸವಣ್ಣನವರು ದಯೆಯೇ ಧರ್ಮದ ಮೂಲ ಅಂದ್ರಲ್ಲ, ಬೈಬಲ್ ಹೇಳೋದೂ ಅದೇ ತಾನೇ?

ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವು. ಇಲ್ಲಿ ಬೆಳೆದವರ ಕಿವಿಗೆ ಆ ಮಾತು ಬೀಳದೆ ಇರುವುದಿಲ್ಲ, ಬೀಳಲೂ ಬೇಕು. ದಯೆ ಇಲ್ಲದ ಭಕ್ತಿಯನ್ನು ಬೈಬಲಿನ ಪ್ರವಾದಿಗಳೂ ಒಪ್ಪುವುದಿಲ್ಲ. ಸಾವಿರಾರು ಟಗರು, ಎಣ್ಣೆಯ ಹೊಳೆ ಅರ್ಪಿಸಿದರೆ ದೇವರು ಮೆಚ್ಚುತ್ತಾನಾ ಎಂದು ಮೀಕ ಕೇಳುತ್ತಾನೆ. ಉತ್ತರವನ್ನೂ ಅವನೇ ಕೊಡುತ್ತಾನೆ: ನ್ಯಾಯ ಮಾಡು, ದಯೆಯನ್ನು ಪ್ರೀತಿಸು, ನಿನ್ನ ದೇವರೊಂದಿಗೆ ತಗ್ಗಿ ನಡೆ (6:8).

ಬೈಬಲ್ ಇದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತದೆ. ನಾವು ದಯೆ ತೋರಿಸುವ ಮೊದಲೇ ದೇವರು ನಮಗೆ ತೋರಿಸಿಯಾಗಿದೆ. ತೀತನ ಪತ್ರ 3:4-5 ಓದಿ. ನಮ್ಮ ಒಳ್ಳೆ ಕೆಲಸ ನೋಡಿ ಅಲ್ಲ, ತನ್ನ ಕರುಣೆಯಿಂದಲೇ ನಮ್ಮನ್ನು ಕಾಪಾಡಿದ ಎಂದು ಅಲ್ಲಿದೆ. ಕ್ರೈಸ್ತರು ಯೇಸುವಿನ ಬದುಕು, ಸಾವು, ಪುನರುತ್ಥಾನವನ್ನು ಹಿಡಿದುಕೊಳ್ಳುವುದು ಈ ಜಾಗದಲ್ಲೇ. ಇದು ಪಕ್ಕದ ಮನೆಯವರ ಜೊತೆ ವಾದಕ್ಕೆ ಇಳಿಯಲು ಕೊಟ್ಟ ಮಾತಲ್ಲ. ಒಟ್ಟಿಗೆ ಮಾಡಬಹುದಾದ ಒಳ್ಳೆ ಕೆಲಸ ಊರಲ್ಲಿ ಬೇಕಾದಷ್ಟಿದೆ.

ದನ, ನಾಯಿಗೆ ತೋರಿಸೋ ದಯೆಗೂ ಬೈಬಲಲ್ಲಿ ಜಾಗ ಇದೆಯಾ?

ಇದೆ. ಒಳ್ಳೆಯವನು ತನ್ನ ಪ್ರಾಣಿಯ ಜೀವದ ಬಗ್ಗೆಯೂ ಕಾಳಜಿ ಇಡುತ್ತಾನೆ ಎಂದು ಜ್ಞಾನೋಕ್ತಿ 12:10 ಹೇಳುತ್ತದೆ. ಕಣ ತುಳಿಯುವ ಎತ್ತಿಗೆ ಕುಕ್ಕೆ ಕಟ್ಟಬೇಡ ಎಂದು ಧರ್ಮೋಪದೇಶಕಾಂಡ 25:4. ದುಡಿಯುವ ಬಾಯಿ ತಿನ್ನಲಿ ಎಂದು ಅರ್ಥ. ಮುದಿಯಾದ ದನವನ್ನು ರಸ್ತೆಗೆ ಬಿಡುವವರು ಈ ಎರಡು ವಾಕ್ಯ ಓದಬೇಕು.

## ದಿನದಿನದ ಬದುಕಿನವು

ನಮ್ಮ ಕಡೆ ಮುಯ್ಯಾಳು ಪದ್ಧತಿ ಇದೆಯಲ್ಲ, ಅದೂ ದಯೆಯೇ ಅಲ್ವಾ?

ಮುಯ್ಯಾಳು ಚೆಂದದ ಪದ್ಧತಿ. ನಾಟಿಗೆ ಇವತ್ತು ನಾವು ನಿಮ್ಮ ಗದ್ದೆಗೆ ಬಂದರೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿ ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಮಲೆನಾಡಿನ ಸಣ್ಣ ಹಿಡುವಳಿಗಳು ಎಷ್ಟೋ ಮಳೆಗಾಲಗಳನ್ನು ದಾಟಿದ್ದು ಇದರಿಂದಲೇ. ಇದನ್ನು ಕಡಿಮೆ ಮಾಡಿ ಮಾತಾಡುವ ಮನಸ್ಸು ನನಗಿಲ್ಲ.

ಆದರೆ ಮುಯ್ಯಿಗೆ ಒಂದು ಷರತ್ತಿದೆ. ತಿರುಗಿ ಕಳಿಸಲು ನಿಮ್ಮ ಮನೆಯಲ್ಲಿ ಆಳಿರಬೇಕು. ಗಂಡನನ್ನು ಕಳೆದುಕೊಂಡ, ಮಕ್ಕಳು ಬೆಂಗಳೂರು ಸೇರಿದ, ಮಂಡಿ ನೋವಿನ ಹೆಂಗಸು ಏನು ಕಳಿಸಿಯಾಳು? ಅವರ ಗದ್ದೆ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಯೇಸು ಕೈ ಇಡುವುದು ಸರಿಯಾಗಿ ಅಲ್ಲಿಗೆ. ಊಟ ಹಾಕಿಸುವಾಗ ನಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದರೆ ಮುಯ್ಯಿ ತೀರಿಹೋಯಿತು. ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ. ಅವರ ಹತ್ತಿರ ತೀರಿಸಲು ಏನೂ ಇಲ್ಲ, ಅದಕ್ಕೇ ನೀನು ಧನ್ಯ. ಪುನರುತ್ಥಾನದ ದಿನ ನಿನಗೆ ಸಲ್ಲುತ್ತದೆ. ಲೂಕ 14:12-14ರ ಸಾರ ಇದು.

ಇಬ್ಬರ ನಡುವಿನ ಮುಯ್ಯಿ ತೀರಿದ ದಿನ ಮುಗಿಯುತ್ತದೆ. ತೀರಿಸಲಾಗದವರಿಗೆ ಮಾಡಿದ್ದನ್ನು ದೇವರು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ. ಬಡವನಿಗೆ ದಯೆ ತೋರಿಸುವವನು ಯೆಹೋವನಿಗೆ ಸಾಲ ಕೊಡುತ್ತಾನೆ ಎಂದು ಜ್ಞಾನೋಕ್ತಿ 19:17ರಲ್ಲಿ ಎಷ್ಟು ಧೈರ್ಯವಾಗಿ ಬರೆದಿದೆ ನೋಡಿ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ಮುಂದಿನ ಮಳೆಗಾಲದಲ್ಲಿ ಮುಯ್ಯಾಳಿನ ಸರದಿ ಹಾಕುವಾಗ ಆಳು ಕಳಿಸಲಾಗದ ಒಂದು ಮನೆಯನ್ನೂ ಸರದಿಗೆ ಸೇರಿಸಿ.

ತೋಟದ ಕೆಲಸಕ್ಕೆ ಬರೋರ ಹತ್ರ ದಯೆಯಿಂದ ಇರೋದು ಅಂದ್ರೆ ಹಬ್ಬಕ್ಕೆ ಬಟ್ಟೆ ಕೊಡೋದಾ?

ಬಟ್ಟೆ ಕೊಡಿ. ಆದರೆ ಮೊದಲು ಕೂಲಿ. ಬಡ ಕೂಲಿಯವನ ಸಂಬಳವನ್ನು ಅದೇ ದಿನ ಹೊತ್ತು ಮುಳುಗುವುದರೊಳಗೆ ಕೊಡು, ಅವನ ಜೀವ ಅದರ ಮೇಲೇ ಇದೆ ಎಂದು ಧರ್ಮೋಪದೇಶಕಾಂಡ 24:14-15 ಹೇಳುತ್ತದೆ. ಅವನು ಪರದೇಶದವನಾದರೂ ಅದೇ ನಿಯಮ. ಅಡಿಕೆ ಸುಗ್ಗಿಯಲ್ಲಿ ಹೆಂಗಸರು ರಾತ್ರಿವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾರೆ. ಬೆರಳುಗಳು ಕಪ್ಪಾಗಿ, ಸೊಂಟ ಹಿಡಿದುಕೊಂಡಿರುತ್ತದೆ. ಅವರಿಗೆ 'ಅಡಿಕೆ ಮಾರಿದ ಮೇಲೆ ಲೆಕ್ಕ ಮಾಡೋಣ' ಎಂದು ಹೇಳಿ ಹಬ್ಬಕ್ಕೆ ಸೀರೆ ಕೊಟ್ಟರೆ, ಅದನ್ನು ಬೈಬಲ್ ದಯೆ ಎಂದು ಕರೆಯುವುದಿಲ್ಲ. ಅವರದ್ದೇ ದುಡ್ಡು ನಿಮ್ಮ ಪೆಟ್ಟಿಗೆಯಲ್ಲಿ ಕೂತಿದೆ. ಕೊಡದೆ ಹಿಡಿದ ಕೂಲಿ ದೇವರ ಮುಂದೆ ಕೂಗುತ್ತದೆ ಎನ್ನುತ್ತಾನೆ ಯಾಕೋಬ (5:4).

ಕೂಲಿ ಸರಿಯಾಗಿ ಕೊಟ್ಟ ಮೇಲೆ ದಯೆ ಶುರುವಾಗುತ್ತದೆ. ಬೆಳಕು, ಕೂರಲು ಬೆನ್ನಿಗೆ ಆಸರೆ, ಹೊತ್ತಿಗೆ ಬಿಸಿ ಕಾಫಿ. ರಾತ್ರಿ ಮನೆಗೆ ಹೋಗುವಾಗ ಜೊತೆಗೆ ಒಬ್ಬರು. ಮರ ಹತ್ತುವ ಕೊನೆಗಾರ ಮಳೆ ಹನಿಯುವಾಗ ಇವತ್ತು ಬೇಡ ಎಂದರೆ, ಸರಿ ನಾಳೆ ನೋಡೋಣ ಎನ್ನುವುದು.

ಮಂಗನ ಕಾಯಿಲೆ ಬಂದ ಮನೆಗೆ ಹೋಗೋಕೆ ಭಯ ಆಗತ್ತೆ. ಹೋಗದಿದ್ರೆ ತಪ್ಪಾ?

ಭಯ ತಪ್ಪಲ್ಲ. ವಿಷಯ ತಿಳಿದುಕೊಂಡರೆ ಅದು ಕಡಿಮೆಯಾಗುತ್ತದೆ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ಹರಡುವುದು ಹೆಚ್ಚಾಗಿ ಉಣ್ಣೆ ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅಂದರೆ ರೋಗಿಯ ಪಕ್ಕ ಕೂತು ಗಂಜಿ ಕುಡಿಸಲು ಹೆದರಬೇಕಾಗಿಲ್ಲ. ಆ ಮನೆಯ ದನಕ್ಕೆ ಹುಲ್ಲು ತರಲು, ಸೌದೆ, ದರಗು ತರಲು ಕಾಡಿಗೆ ಹೋಗುವಾಗ ಮಾತ್ರ ಎಚ್ಚರ ಬೇಕು. ಮೈ ಮುಚ್ಚುವ ಬಟ್ಟೆ ಹಾಕಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ.

ಯೇಸು ಕುಷ್ಠರೋಗಿಯನ್ನು ಗುಣ ಮಾಡುವ ಮೊದಲು ಕೈಚಾಚಿ ಮುಟ್ಟಿದರು (ಮಾರ್ಕ 1:41). ಬರೀ ಮಾತಿನಲ್ಲೂ ಗುಣ ಮಾಡಬಹುದಿತ್ತು. ಕಾಯಿಲೆಯವರ ಮನೆಗೆ ಯಾರೂ ಬರದೇ ಹೋದಾಗ ಆಗುವ ನೋವು ಜ್ವರಕ್ಕಿಂತ ಬೇರೆ.

ದಯೆ ತೋರಿಸಿದ್ರೆ ತಲೆ ಮೇಲೆ ಬಂದು ಕೂರ್ತಾರೆ. ಎಲ್ಲಿವರೆಗೆ ಸಹಿಸೋದು?

ಕೇಳಿದ್ದನ್ನೆಲ್ಲ ಕೊಡುವುದೇ ದಯೆ ಎಂದು ಬೈಬಲ್ ಎಲ್ಲೂ ಹೇಳಿಲ್ಲ. ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಎಂದು ಪೌಲ ಬರೆಯುತ್ತಾನೆ (2 ಥೆಸಲೊನೀಕ 3:10). ಶಕ್ತಿಯಿಲ್ಲದವನು ಎಂದು ಅವನು ಹೇಳಲಿಲ್ಲ, ಮನಸ್ಸಿಲ್ಲದವನು ಎಂದ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಒಳ್ಳೆಯದು ಮಾಡುವುದರಲ್ಲಿ ಬೇಸರಪಡಬೇಡಿ ಎಂದೂ ಇದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಯಾಜಕ ಏಲಿಯ ಕಥೆ ನೆನಪಿಸಿಕೊಳ್ಳಿ (1 ಸಮುವೇಲ 2 ಮತ್ತು 3). ಮಕ್ಕಳು ದೇವಾಲಯದಲ್ಲೇ ಅನ್ಯಾಯ ಮಾಡುತ್ತಿದ್ದರು. ಅವನು ಬುದ್ಧಿ ಹೇಳಿದ, ತಡೆಯಲಿಲ್ಲ. ದೇವರು ಅದನ್ನು ಮೃದು ಮನಸ್ಸು ಎಂದು ಬಿಟ್ಟುಕೊಡಲಿಲ್ಲ. ಕುಡಿಯುವ ತಮ್ಮನ ಕೈಗೆ ದುಡ್ಡು ಕೊಡುವ ಬದಲು ಅವನ ಹೆಂಡತಿಯ ಹೆಸರಲ್ಲಿ ದಿನಸಿ ಅಂಗಡಿಗೆ ಕಟ್ಟಿದರೆ, ಅವನು ಬಯ್ಯುತ್ತಾನೆ. ಬಯ್ಯಲಿ. ಅದು ದಯೆಯೇ.

ಎಲ್ಲರಿಗೂ ಮಾಡಿ ಮಾಡಿ ನಾನೇ ಸುಸ್ತಾಗಿದೀನಿ. ಇನ್ನೂ ಮಾಡು ಅಂತಾನಾ ದೇವರು?

ಈ ಪ್ರಶ್ನೆ ಹೆಚ್ಚಾಗಿ ಹೆಂಗಸರಿಂದ ಬರುತ್ತದೆ. ಹಾಸಿಗೆ ಹಿಡಿದ ಅತ್ತೆ, ಪರೀಕ್ಷೆಗೆ ಓದುವ ಮಗ, ಕೊಟ್ಟಿಗೆಯಲ್ಲಿ ದನ, ಭಾನುವಾರ ಚರ್ಚಿನ ಕೆಲಸ. ಅವರಿಗೆ ಮತ್ತೊಂದು ವಾಕ್ಯ ಓದಿ ಇನ್ನಷ್ಟು ಹೊರೆ ಹೊರಿಸಲು ನನಗೆ ಇಷ್ಟವಿಲ್ಲ.

1 ಅರಸು 19ರಲ್ಲಿ ಎಲೀಯ ಪ್ರವಾದಿ, ಸಾಕು ದೇವರೇ, ನನ್ನ ಜೀವ ತೆಗೆದುಕೋ ಎಂದು ಒಂದು ಗಿಡದ ಕೆಳಗೆ ಮಲಗಿಬಿಟ್ಟ. ದೇವರು ಉಪದೇಶ ಕಳಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದ. ತಿಂದು ಮತ್ತೆ ಮಲಗಿದ. ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತು ಆಮೇಲೆ. ಯೇಸುವೂ ಶಿಷ್ಯರಿಗೆ, ಊಟಕ್ಕೂ ಪುರುಸೊತ್ತಿಲ್ಲದಷ್ಟು ಜನ ಬರುತ್ತಿದ್ದಾಗ, ಬನ್ನಿ, ಜನರಿಲ್ಲದ ಕಡೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಿ ಎಂದರು (ಮಾರ್ಕ 6:31). ಸಮಾರ್ಯದ ಬಾವಿಯ ಹತ್ತಿರ ದಣಿದು ಕೂತು, ಪರಿಚಯವಿಲ್ಲದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದರು.

ನೀವೂ ಕೇಳಿ. ಇವತ್ತು ಸಂಜೆ ಎರಡು ಗಂಟೆ ಅತ್ತೆಯ ಹತ್ತಿರ ಕೂರುತ್ತೀರಾ ಎಂದು ನಿಮ್ಮ ಸಭೆಯ ಒಬ್ಬರನ್ನು ಹೆಸರು ಹಿಡಿದು ಕೇಳಿ. ಪಾಸ್ಟರ್‌ಗೋ ಫಾದರ್‌ಗೋ ಹೇಳಿ. ದೇವರು ಸುಸ್ತಾದವರಿಗೆ ಕಳಿಸುವ ರೊಟ್ಟಿ ಎಷ್ಟೋ ಸಲ ಪಕ್ಕದ ಮನೆಯಿಂದಲೇ ಬರಬೇಕು.

ಹೊರಗಿನವರ ಹತ್ರ ನಗ್ತಾ ಮಾತಾಡ್ತೀನಿ, ಮನೆಗೆ ಬಂದ್ರೆ ಸಿಡುಕು. ಏನು ಮಾಡ್ಲಿ?

ಎಫೆಸ 4:32ರಲ್ಲಿ ಒಬ್ಬರಿಗೊಬ್ಬರು ದಯೆಯಿಂದಿರಿ ಎಂದಿರುವುದು ದೂರದವರಿಗೆ ಹೇಳಿದ್ದಲ್ಲ. ದಿನಾ ಮುಖ ನೋಡುವವರಿಗೆ, ನಿನ್ನೆಯ ಸಿಟ್ಟು ಇನ್ನೂ ಆರದವರಿಗೆ ಹೇಳಿದ್ದು. ಅದರ ಹಿಂದಿನ ವಾಕ್ಯದಲ್ಲೇ ಕೋಪ, ಕೂಗಾಟ, ಬೈಗುಳದ ಹೆಸರಿದೆ. ಬಾಗಿಲಿಗೆ ಬಂದಾಗ ಚಪ್ಪಲಿ ಬಿಡುವ ಹೊತ್ತಲ್ಲಿ ಒಂದು ಸಣ್ಣ ಪ್ರಾರ್ಥನೆ ಮಾಡಿ ಒಳಗೆ ಹೋಗಿ. ಫೋನ್ ಜೇಬಲ್ಲಿರಲಿ. ಮಾಡಿನೋಡಿದ ಅನೇಕರು ಇದು ಕೆಲಸ ಮಾಡುತ್ತದೆ ಅಂದಿದ್ದಾರೆ.

ಸಹಾಯ ಮಾಡಿದ ಫೋಟೋ ವಾಟ್ಸಾಪಲ್ಲಿ ಹಾಕಬಹುದಾ? ಬೇರೆಯವರಿಗೂ ಪ್ರೇರಣೆ ಆಗತ್ತಲ್ಲ.

ಕೆಲಸದ ಫೋಟೋ ಹಾಕಿ, ಪಡೆದವರ ಮುಖದ್ದು ಬೇಡ. ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಎಂದೂ (ಮತ್ತಾಯ 5:16), ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಎಂದೂ (6:3) ಯೇಸುವೇ ಹೇಳಿದ್ದಾರೆ. ಮೊದಲನೆಯದರಲ್ಲಿ ಜನ ಹೊಗಳುವುದು ತಂದೆಯಾದ ದೇವರನ್ನು. ಮನೆಗೆ ನೀರು ನುಗ್ಗಿ ಎಲ್ಲ ಕಳೆದುಕೊಂಡವರು ಅಕ್ಕಿ ಚೀಲ ಹಿಡಿದು ಕ್ಯಾಮೆರಾ ನೋಡುವಂತೆ ಮಾಡುವುದು ಸರಿಯಲ್ಲ. ಅವರ ಮಕ್ಕಳ ಶಾಲೆಯವರೂ ಆ ಗ್ರೂಪಲ್ಲಿ ಇರುತ್ತಾರೆ.

## ಆಳಕ್ಕೆ ಇಳಿದಾಗ

ಮಾಡಿದ ಉಪಕಾರ ಯಾರೂ ನೆನೆಯಲ್ಲ. ಹಾಗಾದ್ರೆ ಅದು ಉಳಿಯೋದು ಎಲ್ಲಿ?

ಜನ ಮರೆಯುತ್ತಾರೆ ಎಂಬುದನ್ನು ಬೈಬಲ್ ಮುಚ್ಚಿಡುವುದಿಲ್ಲ. ಪ್ರಸಂಗಿ 9ರಲ್ಲಿ ಒಬ್ಬ ಬಡ ಜಾಣ ಇಡೀ ಪಟ್ಟಣವನ್ನೇ ಉಳಿಸುತ್ತಾನೆ, ಆಮೇಲೆ ಒಬ್ಬರೂ ಅವನನ್ನು ನೆನೆಯುವುದಿಲ್ಲ. ಆದಿಕಾಂಡ 40ರಲ್ಲಿ ಯೋಸೇಫ ಸೆರೆಮನೆಯಲ್ಲಿ ರಾಜನ ಪಾನದಾಯಕನಿಗೆ ಕನಸಿನ ಅರ್ಥ ಹೇಳಿ, ನಿನಗೆ ಒಳ್ಳೆಯದಾದಾಗ ನನ್ನನ್ನು ನೆನೆಸಿಕೋ, ದಯೆ ತೋರಿಸು ಎಂದು ಕೇಳಿಕೊಂಡ. ಅವನು ಮರೆತುಬಿಟ್ಟ. ಎರಡು ವರ್ಷ ಪೂರ್ತಿ. ಕೊನೆಗೆ ನೆನಪಾದದ್ದು ಫರೋಹನಿಗೆ ಕನಸು ಬಿದ್ದ ಮೇಲೆ. ಆ ಎರಡು ವರ್ಷ ಯೋಸೇಫನ ಪಾಲಿಗೆ ಸುಲಭದ್ದಾಗಿರಲಿಲ್ಲ.

ಇನ್ನೊಂದು ಕಡೆ ದಾವೀದ ಮತ್ತು ಯೋನಾತಾನ. ಯೋನಾತಾನ ರಾಜ ಸೌಲನ ಮಗ. ಸಿಂಹಾಸನ ತನಗೆ ಬರಬೇಕಾಗಿದ್ದರೂ ಗೆಳೆಯ ದಾವೀದನ ಜೀವ ಉಳಿಸಿದ. ನನ್ನ ಮನೆತನದ ಮೇಲಿನ ದಯೆಯನ್ನು ಎಂದಿಗೂ ಕಡಿಯಬೇಡ ಎಂದು ಅವನಿಂದ ಮಾತು ತೆಗೆದುಕೊಂಡ. ಆಮೇಲೆ ಯುದ್ಧದಲ್ಲಿ ಸತ್ತ. ಸುದ್ದಿ ಬಂದಾಗ ದಾದಿ ಅವನ ಐದು ವರ್ಷದ ಮಗನನ್ನು ಎತ್ತಿಕೊಂಡು ಓಡಿದಳು. ಮಗು ಬಿದ್ದು ಎರಡೂ ಕಾಲು ಕುಂಟಾಯಿತು. ಹೆಸರು ಮೆಫೀಬೋಶೆತ್.

ವರ್ಷಗಳು ಕಳೆದವು. ದಾವೀದ ರಾಜನಾದ. ಆ ಮಗು ಬೆಳೆದು, ಅವನಿಗೇ ಒಬ್ಬ ಮಗ ಹುಟ್ಟಿದ್ದ. ಹಳೆ ರಾಜನ ವಂಶದವರನ್ನು ಹೊಸ ರಾಜರು ಹುಡುಕಿಸುತ್ತಿದ್ದದ್ದು ಕೊಲ್ಲಲು. ದಾವೀದನೂ ಹುಡುಕಿಸಿದ. 'ಯೋನಾತಾನನ ಸಲುವಾಗಿ ದಯೆ ತೋರಿಸೋಣವೆಂದರೆ ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರಾ' ಎಂದು ಕೇಳಿದ. ಮೆಫೀಬೋಶೆತ್ ನಡುಗುತ್ತಾ ಬಂದು ಅಡ್ಡಬಿದ್ದ, ಸತ್ತ ನಾಯಿಯಂಥವನು ನಾನು ಎಂದ. ದಾವೀದ ಅವನ ಅಜ್ಜನ ಭೂಮಿಯನ್ನೆಲ್ಲ ವಾಪಸ್ ಕೊಡಿಸಿದ. ರಾಜಕುಮಾರರ ಜೊತೆ ಊಟಕ್ಕೆ ಕೂರಿಸಿಕೊಂಡ (2 ಸಮುವೇಲ 9). ಮೆಫೀಬೋಶೆತನು ದಾವೀದನಿಗೆ ಏನೂ ಮಾಡಿದವನಲ್ಲ. ತಂದೆ ಮಾಡಿದ್ದು ಮಗನಿಗೆ ಬಂತು. ಮಾಡಿದವನು ಅದನ್ನು ನೋಡಲು ಬದುಕಿರಲಿಲ್ಲ.

ಮನುಷ್ಯರ ನೆನಪು ಹೀಗೆ, ಒಮ್ಮೆ ಪಾನದಾಯಕ, ಒಮ್ಮೆ ದಾವೀದ. ಅದರ ಮೇಲೆ ಭಾರ ಹಾಕಬೇಡಿ ಎನ್ನುತ್ತದೆ ಇಬ್ರಿಯ 6:10. ನೀವು ಮಾಡಿದ್ದನ್ನೂ ತೋರಿಸಿದ ಪ್ರೀತಿಯನ್ನೂ ಮರೆಯಲು ದೇವರು ಅನ್ಯಾಯಗಾರನಲ್ಲ. ಪ್ರಕಟನೆ 14:13 ಇನ್ನೂ ಮುಂದೆ ಹೋಗಿ, ಕರ್ತನಲ್ಲಿ ಸತ್ತವರ ಕೆಲಸಗಳು ಅವರ ಹಿಂದೆಯೇ ಹೋಗುತ್ತವೆ ಎನ್ನುತ್ತದೆ. ಅಡಿಕೆ ಚೀಲ, ಬ್ಯಾಂಕಿನ ಪಾಸ್‌ಬುಕ್ ಇಲ್ಲೇ ಉಳಿಯುತ್ತವೆ.

ಹಾಗಾದ್ರೆ ದಯೆ ಮಾಡಿದ್ರೆ ಸ್ವರ್ಗ ಸಿಗತ್ತಾ?

ದಯೆಯಿಂದ ಸ್ವರ್ಗವನ್ನು ಕೊಂಡುಕೊಳ್ಳಲು ಆಗುವುದಿಲ್ಲ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಸಿಕ್ಕಿದೆ, ಅದು ದೇವರ ವರ ಎಂದು ಎಫೆಸ 2:8-9. ಆದರೆ ಜನ ಅಲ್ಲಿಗೆ ಓದು ನಿಲ್ಲಿಸುತ್ತಾರೆ. 10ನೇ ವಾಕ್ಯ: ಒಳ್ಳೆ ಕೆಲಸ ಮಾಡುವುದಕ್ಕೆಂದೇ ನಮ್ಮನ್ನು ರೂಪಿಸಿದ್ದಾನೆ. ಮತ್ತಾಯ 25ರ ತೀರ್ಪಿನ ದಿನ ಯೇಸು ಕೇಳುವುದೂ ಊಟ, ನೀರು, ಬಟ್ಟೆ, ಆಸರೆ, ರೋಗಿಯನ್ನೂ ಸೆರೆಯವರನ್ನೂ ನೋಡಿಬಂದದ್ದು ಇವೇ. ಅಲ್ಲಿ ಒಳ್ಳೆಯವರಿಗೆ ತಾವು ಮಾಡಿದ್ದೇ ನೆನಪಿಲ್ಲ. 'ಯಾವಾಗ ಮಾಡಿದೆವು ಸ್ವಾಮಿ' ಎಂದು ಕೇಳುತ್ತಾರೆ. ಸ್ವರ್ಗಕ್ಕಾಗಿ ಲೆಕ್ಕ ಇಟ್ಟವರ ಮಾತು ಹಾಗಿರುವುದಿಲ್ಲ.

ನಮ್ಮಲ್ಲಿ ಕಥೋಲಿಕರು, ಪ್ರಾಟೆಸ್ಟಂಟರು ಇದರ ಮೇಲೆ ಹಳೆಯ ಜಗಳ ಎತ್ತುವುದುಂಟು. ಕಥೋಲಿಕ ಸಭೆಯೂ ಲೂಥೆರನ್ ಸಭೆಗಳ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಒಳ್ಳೆ ಕೆಲಸ ಅದರ ಫಲವಾಗಿ ಬರುತ್ತದೆ ಎಂದು ಇಬ್ಬರೂ ಒಪ್ಪಿದರು. ಅವರು ಕೂತು ಮಾತಾಡಿ ಇಷ್ಟು ಒಪ್ಪಿರುವಾಗ ನಾವು ಬೇಲಿಯ ಆಚೆ ಈಚೆ ನಿಂತು ಜಗಳ ಆಡುವುದು ಬೇಡ.

ಬೇಲಿ ಸರಿಸಿ ಜಾಗ ಒತ್ತಿದವನಿಗೂ ದಯೆ ತೋರಿಸ್ಬೇಕಾ? ಕೇಸು ವಾಪಸ್ ತಗೋಬೇಕಾ?

ಕೇಸು ವಾಪಸ್ ತೆಗೆದುಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ಪೌಲನೇ ತನ್ನ ನಾಗರಿಕ ಹಕ್ಕು ಕೇಳಿ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿಕೊಂಡವನು. ಸರ್ವೆ ಮಾಡಿಸಿ, ನ್ಯಾಯ ಕೇಳಿ. ಆದರೆ ಅವನ ದನ ತಪ್ಪಿಸಿಕೊಂಡು ನಿಮ್ಮ ಕಡೆ ಬಂದರೆ ಹಿಡಿದು ಅವನ ಮನೆಗೆ ಮುಟ್ಟಿಸಿ. ವಿಮೋಚನಕಾಂಡ 23:4 ಹೇಳುವುದು ನೇರವಾಗಿ ಇದನ್ನೇ, ನಿನ್ನ ವೈರಿಯ ಎತ್ತು ಎಂದು ಬಾಯಿಬಿಟ್ಟು ಹೇಳುತ್ತದೆ. ಅವನ ಮನೆಯಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ನಿಮ್ಮ ಜೀಪು ತೆಗೆಯಿರಿ.

ದೇವರು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಹುಟ್ಟಿಸುತ್ತಾನೆ, ಮಳೆ ಸುರಿಸುತ್ತಾನೆ ಎಂದು ಯೇಸು ಹೇಳಿದರು (ಮತ್ತಾಯ 5:45). ಆಗುಂಬೆಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಖಾತೆ ನೋಡಿ ಗದ್ದೆ ಆರಿಸುವುದಿಲ್ಲ.

ಒಂದು ಎಚ್ಚರ. ಹೊಡೆಯುವ ಗಂಡನನ್ನು, ಕೈ ಹಾಕುವ ನೆಂಟನನ್ನು ಸಹಿಸಿಕೊಂಡಿರು ಎಂದು ಹೇಳಲು ಈ ವಾಕ್ಯವನ್ನು ಯಾರೂ ಬಳಸಬಾರದು. ದಾವೀದ ಸೌಲನನ್ನು ಕೊಲ್ಲಲಿಲ್ಲ, ಆದರೆ ಸೌಲನ ಈಟಿಗೆ ಎದೆ ಕೊಟ್ಟು ನಿಲ್ಲಲೂ ಇಲ್ಲ. ಓಡಿಹೋದ. ಅಂಥ ಮನೆಯಿಂದ ಹೊರಬಂದವರಿಗೆ ಆಸರೆ ಕೊಡುವುದು ಸಭೆಯ ಕೆಲಸ.

ದೇವರನ್ನೇ ನಂಬದವರು ನಮಗಿಂತ ಒಳ್ಳೆಯವರಾಗಿರ್ತಾರೆ. ಅವರ ದಯೆಗೆ ಬೆಲೆ ಇಲ್ವಾ?

ಅಪೊಸ್ತಲರ ಕೃತ್ಯಗಳು 28 ಓದಿ. ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು, 276 ಜನ ಮಾಲ್ಟಾ ದ್ವೀಪದ ದಡ ಸೇರಿದರು. ಮಳೆ ಹಿಡಿದಿತ್ತು, ಚಳಿ ಬೇರೆ. ದ್ವೀಪದವರು ಯೇಸುವಿನ ಹೆಸರನ್ನೇ ಕೇಳಿದವರಲ್ಲ. ಅವರು ಬೆಂಕಿ ಹಾಕಿ ಎಲ್ಲರನ್ನೂ ಹತ್ತಿರ ಕರೆದರು. ಆ ಗುಂಪಿನಲ್ಲಿ ಸೆರೆಯವರು, ಸಿಪಾಯಿಗಳು, ಹಡಗಿನವರು ಎಲ್ಲ ಇದ್ದರು. ಯಾರನ್ನೂ ಬೇರೆ ಮಾಡಲಿಲ್ಲ. ಅವರು ತೋರಿಸಿದ್ದು ಸಾಮಾನ್ಯ ದಯೆಯಲ್ಲ ಎಂದು ಲೂಕ ಮನಸಾರೆ ಬರೆದಿಟ್ಟ. ಶಾಸ್ತ್ರದಲ್ಲೇ ಹಾಗೆ ದಾಖಲಾದ ಮೇಲೆ ಬೆಲೆ ಇಲ್ಲ ಎನ್ನಲು ನಾವು ಯಾರು? ಅಂಥವರನ್ನು ಕಂಡರೆ ಲೂಕನಂತೆ ಹೇಳಿ, ಥ್ಯಾಂಕ್ಸ್ ಅನ್ನಿ. ದೇವರು ಅವರ ಬಗ್ಗೆ ಏನು ತೀರ್ಮಾನಿಸುತ್ತಾನೆ ಎಂಬುದನ್ನು ದೇವರಿಗೇ ಬಿಡಿ.

ಕಂಬಳಿ ಕೊಟ್ಟು ದಯೆ ಅಂತೀವಿ. ಹಕ್ಕುಪತ್ರ ಇಲ್ಲದವರಿಗೆ ಬೇಕಾಗಿರೋದು ನ್ಯಾಯ ಅಲ್ವಾ?

ಕೇಳಿದವರು ಶರಾವತಿ ಮುಳುಗಡೆಯ ಕುಟುಂಬದವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಬಂತು. ಊರು, ಗದ್ದೆ, ತೋಟ ಬಿಟ್ಟು ಎದ್ದವರಲ್ಲಿ ಅನೇಕರ ಮನೆಯಲ್ಲಿ ಭೂಮಿಯ ಹಕ್ಕಿಗಾಗಿ ಹೋರಾಟ ದಶಕಗಳಿಂದ ನಡೆದೇ ಇದೆ. ಅವರು ಹೇಳಿದ್ದು ಸರಿ. ಮೀಕ ನ್ಯಾಯ, ದಯೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸಬಾರದು.

ಎಲೀಷನಿಗೆ ಕೋಣೆ ಕಟ್ಟಿಸಿದ ಶೂನೇಮಿನ ಹೆಂಗಸಿನ ಕಥೆಗೆ ಮುಂದುವರಿಕೆ ಇದೆ. 2 ಅರಸು 8. ಬರಗಾಲ ಬರುತ್ತದೆ, ಎಲ್ಲಾದರೂ ಹೋಗಿ ಬದುಕಿಕೋ ಎಂದು ಎಲೀಷ ಹೇಳಿದ. ಅವಳು ಮನೆಮಂದಿಯ ಜೊತೆ ಏಳು ವರ್ಷ ಫಿಲಿಷ್ಟಿಯರ ನಾಡಿನಲ್ಲಿದ್ದು ವಾಪಸ್ ಬಂದಳು. ಮನೆ, ಹೊಲ ಕೈತಪ್ಪಿತ್ತು. ರಾಜನ ಹತ್ತಿರ ದೂರು ಹೇಳಲು ಹೋದಳು. ಸರಿಯಾಗಿ ಅದೇ ಹೊತ್ತಿಗೆ ಎಲೀಷನ ಸೇವಕ ಗೇಹಜಿ ರಾಜನಿಗೆ, ಸತ್ತ ಅವಳ ಮಗನನ್ನು ಎಲೀಷ ಬದುಕಿಸಿದ್ದನ್ನು ಹೇಳುತ್ತಿದ್ದ. 'ಒಡೆಯಾ, ಆ ಹೆಂಗಸು ಇವಳೇ, ಬದುಕಿದ ಮಗ ಇವನೇ' ಎಂದ. ರಾಜ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ಅವಳದ್ದೆಲ್ಲವನ್ನೂ, ಅವಳು ಊರು ಬಿಟ್ಟ ದಿನದಿಂದ ಅಂದಿನವರೆಗಿನ ಹೊಲದ ಹುಟ್ಟುವಳಿಯ ಸಮೇತ ಕೊಡಿಸು ಎಂದು ಅಪ್ಪಣೆ ಮಾಡಿದ.

ಅವಳು ದೀಪ, ಮಂಚ ಇಟ್ಟದ್ದು ಭೂಮಿಗಾಗಿ ಅಲ್ಲ. ಅಧಿಕಾರದಲ್ಲಿದ್ದವನ ಕಿವಿಗೆ ಅವಳ ಕಥೆ ಮುಟ್ಟಿಸಲು ಒಬ್ಬ ಬೇಕಿತ್ತು, ಗೇಹಜಿ ಇದ್ದ. ನಮ್ಮ ಸಭೆಗಳಲ್ಲಿ ನಿವೃತ್ತ ಗುಮಾಸ್ತರಿದ್ದಾರೆ, ವಕೀಲರಿದ್ದಾರೆ, ಶಿಕ್ಷಕರಿದ್ದಾರೆ. ಅರ್ಜಿ ಬರೆಯಲು ಬರದವರಿಗೆ ಬರೆದುಕೊಡಬಹುದು. ಹಳೆ ಪಹಣಿ, ಕಂದಾಯ ರಸೀದಿ ಹುಡುಕಿ ಜೋಡಿಸಿಕೊಡಬಹುದು. ಸಾಗರಕ್ಕೋ ಹೊಸನಗರಕ್ಕೋ ತಾಲ್ಲೂಕು ಕಚೇರಿಗೆ ಜೊತೆಗೆ ಹೋಗಿ, ಹೆಸರು ಕರೆಯುವವರೆಗೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಬಹುದು. ಮಳೆಗಾಲಕ್ಕೆ ಕಂಬಳಿಯನ್ನೂ ಕೊಡಿ.